ಚಹಾ ಅಗ್ಗವಾಗಿತ್ತು, ಆದರೂ ಸಮುದ್ರಕ್ಕೆ ಸುರಿದರು

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಜನ ಹಡಗು ಹತ್ತಿದರು, ಚಹಾ ಪೆಟ್ಟಿಗೆಗಳನ್ನು ಒಡೆದರು, ಇದ್ದಬದ್ದ ಚಹಾವನ್ನೆಲ್ಲ ನೀರಿಗೆ ಸುರಿದರು. ಈ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಶಾಲೆಯಲ್ಲಿ ಎರಡೇ ಸಾಲಿನಲ್ಲಿ ಓದಿದ್ದೇವೆ. ಬ್ರಿಟಿಷರು ಚಹಾದ ಮೇಲೆ ತೆರಿಗೆ ಹಾಕಿದರು, ಅಮೆರಿಕದವರು ಸಿಟ್ಟಿಗೆದ್ದರು, ಅಲ್ಲಿಂದ ಸ್ವಾತಂತ್ರ್ಯದ ಹೋರಾಟ ಶುರುವಾಯಿತು. ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದೆ. ಟೀ ರೇಟು ಜಾಸ್ತಿ ಆಯಿತು, ಜನ ಗಲಾಟೆ ಮಾಡಿದರು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಆ ವರ್ಷ ಚಹಾದ ಬೆಲೆ ಇಳಿಯುವುದರಲ್ಲಿತ್ತು. ಹಡಗಿನಲ್ಲಿ ಬಂದಿದ್ದ ಆ ಚಹಾ ಕಳ್ಳಸಾಗಣೆಯ ಚಹಾಕ್ಕಿಂತಲೂ ಅಗ್ಗವಾಗಿ ಸಿಗುವಂತೆ ಲಂಡನ್ನಿನ ಸರ್ಕಾರ ಏರ್ಪಾಡು ಮಾಡಿತ್ತು. ತೆರಿಗೆಯೂ ಹೊಸದಲ್ಲ, ಆರು ವರ್ಷ ಹಳೆಯದು. ಅಗ್ಗದ ಮಾಲು ಮನೆ ಬಾಗಿಲಿಗೆ ಬಂದಾಗ ಅದನ್ನು ಸಮುದ್ರಕ್ಕೆ ಸುರಿಯುವಂಥದ್ದು ಏನಾಗಿತ್ತು? ಇದು ಅರ್ಥವಾದರೆ ಅಮೆರಿಕದ ಇಡೀ ಪ್ರತಿಭಟನೆ ಅರ್ಥವಾಗುತ್ತದೆ. ಅದಕ್ಕೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

1763ರಲ್ಲಿ ಬ್ರಿಟನ್ ಫ್ರಾನ್ಸಿನ ಮೇಲೆ ದೊಡ್ಡ ಯುದ್ಧ ಗೆದ್ದಿತ್ತು. ಏಳು ವರ್ಷದ ಯುದ್ಧ. ಕೆನಡಾ ಕೈಗೆ ಬಂತು, ಜೊತೆಗೆ ಸಾಲವೂ ಬಂತು. ಯುದ್ಧಕ್ಕೆ ಮುಂಚೆ ಸುಮಾರು 7.5 ಕೋಟಿ ಪೌಂಡ್ ಇದ್ದ ಸರ್ಕಾರದ ಸಾಲ 13 ಕೋಟಿ ಪೌಂಡಿನ ಹತ್ತಿರಕ್ಕೆ ಏರಿತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಕಾಯಂ ಇಟ್ಟುಕೊಳ್ಳಬೇಕು ಎಂದು ಲಂಡನ್ ತೀರ್ಮಾನಿಸಿತು, ಅದಕ್ಕೂ ದುಡ್ಡು ಬೇಕು. ಇಂಗ್ಲೆಂಡಿನ ಜನ ಆಗಲೇ ಮೈತುಂಬ ತೆರಿಗೆ ಹೊತ್ತಿದ್ದರು. ಅವರಿಗೆ ಹೋಲಿಸಿದರೆ ಅಮೆರಿಕದವರು ಕೊಡುತ್ತಿದ್ದುದು ಬಹಳ ಕಡಿಮೆ. ನಿಮ್ಮ ರಕ್ಷಣೆಗೆ ಇಷ್ಟೊಂದು ಖರ್ಚು ಮಾಡಿದ್ದೇವೆ, ನೀವೂ ಸ್ವಲ್ಪ ಕೊಡಿ ಎಂದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಹೇಳಿದ್ದರಲ್ಲಿ ಮೇಲುನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಲಂಡನ್ನಿನವರ ಈ ಲೆಕ್ಕವನ್ನೂ ನಾವು ನ್ಯಾಯವಾಗಿಯೇ ನೋಡಬೇಕು.

ಗ್ರೆನ್‌ವಿಲ್ ಮೊದಲು ಕೈ ಹಾಕಿದ್ದು ಕಾಕಂಬಿಗೆ. ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಿಂದ ಬರುತ್ತಿದ್ದ ಕಾಕಂಬಿಯನ್ನು ಬಾಸ್ಟನ್, ನ್ಯೂಪೋರ್ಟ್ ಕಡೆಯ ಭಟ್ಟಿಗಳಲ್ಲಿ ಇಳಿಸಿ ರಮ್ ಮಾಡುತ್ತಿದ್ದರು. ಪರದೇಶದ ಕಾಕಂಬಿಗೆ ಗ್ಯಾಲನ್ನಿಗೆ ಆರು ಪೆನ್ನಿ ಸುಂಕ ಅಂತ 1733ರಿಂದಲೂ ಕಾನೂನು ಇತ್ತು, ಆದರೆ ಪೂರ್ತಿ ಕೊಟ್ಟವರು ಅಪರೂಪ. ಸುಂಕದವನ ಕೈ ಬಿಸಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. 1764ರಲ್ಲಿ ಗ್ರೆನ್‌ವಿಲ್ ಆರು ಪೆನ್ನಿಯನ್ನು ಮೂರಕ್ಕೆ ಇಳಿಸಿದರು. ಅರ್ಧಕ್ಕರ್ಧ ಕಡಿತ! ಆದರೆ ಈ ಮೂರು ಪೆನ್ನಿಯನ್ನು ಬಿಡದೆ ವಸೂಲಿ ಮಾಡುತ್ತೇವೆ ಅಂದರು. ಸಿಕ್ಕಿಬಿದ್ದವರ ಕೇಸು ಊರಿನ ಜ್ಯೂರಿ ಮುಂದೆ ಬರುವುದಿಲ್ಲ, ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಕ್ಕೆ ಹೋಗಬಹುದು ಅಂದರು. ಕಾನೂನಿನ ಮೊದಲ ಸಾಲುಗಳಲ್ಲೇ, ಇದು ಅಮೆರಿಕದಿಂದ ಆದಾಯ ಎತ್ತುವುದಕ್ಕೆ ಎಂದು ಬರೆದರು.

ತೆರಿಗೆ ಇಳಿದಾಗ ಜನ ಸಿಟ್ಟಾದ ಮೊದಲ ಸಲ ಇದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಚಹಾದಲ್ಲಿ ಇದೇ ಮತ್ತೆ ಬರುತ್ತದೆ.

ಅಮೆರಿಕದಲ್ಲಿ ಆಗ ಬ್ರಿಟನ್ನಿನ ಹದಿಮೂರು ವಸಾಹತುಗಳಿದ್ದು, ಅವಕ್ಕೆಲ್ಲ ತಮ್ಮ ತಮ್ಮ ಶಾಸನಸಭೆಗಳಿದ್ದವು. ವರ್ಜೀನಿಯಾದಲ್ಲಿ 1619ರಿಂದಲೂ ಸಭೆ ಸೇರುತ್ತಿತ್ತು. ರಸ್ತೆಗೆ ಎಷ್ಟು, ಸೈನ್ಯಕ್ಕೆ ಎಷ್ಟು, ಗವರ್ನರ್ ಸಂಬಳಕ್ಕೆ ಎಷ್ಟು ಎಂದು ತೀರ್ಮಾನಿಸಿ ತೆರಿಗೆ ಹಾಕುತ್ತಿದ್ದುದು ಈ ಸಭೆಗಳು. ಲಂಡನ್ನಿನ ಪಾರ್ಲಿಮೆಂಟ್ ವ್ಯಾಪಾರದ ದಾರಿ ತಿರುಗಿಸುವುದಕ್ಕೆ ಸುಂಕ ಹಾಕಿದರೆ ಜನ ಗೊಣಗಿಕೊಂಡಾದರೂ ಒಪ್ಪುತ್ತಿದ್ದರು. ನೇರವಾಗಿ ಜೇಬಿಗೆ ಕೈ ಹಾಕುವುದು ಬೇರೆ ವಿಷಯ. ನಾನು ಆರಿಸದ ಸಭೆ, ನನ್ನ ಒಪ್ಪಿಗೆ ಕೇಳದೆ ಒಂದು ಪೆನ್ನಿ ತೆಗೆದುಕೊಂಡರೆ ನಾಳೆ ನೂರು ತೆಗೆದುಕೊಳ್ಳುವುದನ್ನು ತಡೆಯುವವರು ಯಾರು? ಮೊತ್ತಕ್ಕಿಂತ ದೊಡ್ಡದಾಗಿದ್ದುದು ಈ ಹೆದರಿಕೆ.

1765ರ ಮಾರ್ಚ್‌ನಲ್ಲಿ ಛಾಪಾ ಕಾಯ್ದೆ ಪಾಸಾಯಿತು, ಅಂದರೆ ಸ್ಟಾಂಪ್ ಆಕ್ಟ್. ನಮಗೆ ಛಾಪಾ ಕಾಗದ ಗೊತ್ತೇ ಇದೆ, ಬಾಡಿಗೆ ಕರಾರಿಗೂ ಬೇಕು. ಆದರೆ ಅದು ಬರೀ ಕರಾರಿಗೆ ನಿಂತಿರಲಿಲ್ಲ. ಕೋರ್ಟಿನ ಅರ್ಜಿ, ಮದ್ಯದಂಗಡಿಯ ಲೈಸೆನ್ಸು, ಹಡಗಿನ ಸರಕಿನ ಚೀಟಿ, ಕಾಲೇಜಿನ ಡಿಗ್ರಿ, ದಿನಪತ್ರಿಕೆ, ಪಂಚಾಂಗ, ಎಲ್ಲಕ್ಕೂ ಮುದ್ರೆ ಒತ್ತಿದ ಕಾಗದವೇ ಬೇಕು. ಇಸ್ಪೀಟು ಕಟ್ಟಿಗೆ ಒಂದು ಶಿಲ್ಲಿಂಗ್. ಪಗಡೆ ದಾಳದ ಜೋಡಿಗೆ ಹತ್ತು ಶಿಲ್ಲಿಂಗ್. ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿದರೆ ಎರಡು ಶಿಲ್ಲಿಂಗ್. ಅದನ್ನೂ ಬ್ರಿಟಿಷ್ ನಾಣ್ಯದ ಲೆಕ್ಕದಲ್ಲೇ ಕೊಡಬೇಕು, ಅಲ್ಲಿ ಆ ನಾಣ್ಯ ಸಿಗುವುದೇ ಕಷ್ಟವಾಗಿತ್ತು. ಗ್ರೆನ್‌ವಿಲ್ ಮಾಡಿದ ದೊಡ್ಡ ತಪ್ಪು ಇದು ಅಂತ ನನಗನ್ನಿಸುತ್ತದೆ. ಒಂದೇ ಏಟಿಗೆ ವಕೀಲರು, ಪತ್ರಿಕೆಯವರು, ವ್ಯಾಪಾರಿಗಳು, ಹೆಂಡದಂಗಡಿಯವರು ಎಲ್ಲರಿಗೂ ತಾಗಿತು. ಊರಲ್ಲಿ ಮಾತಾಡುವವರು, ಬರೆಯುವವರು, ಜನ ಸೇರಿಸುವವರು ಇವರೇ ಅಲ್ವಾ. ಕಾಯ್ದೆ ಜಾರಿಗೆ ಬರುವ ಹಿಂದಿನ ದಿನ ಫಿಲಡೆಲ್ಫಿಯಾದ ಒಂದು ಪತ್ರಿಕೆ ತನ್ನ ಮುಖಪುಟವನ್ನು ಸಮಾಧಿಕಲ್ಲಿನ ಆಕಾರದಲ್ಲಿ ಅಚ್ಚು ಹಾಕಿ, ಮುದ್ರೆ ಬೀಳಬೇಕಾದ ಜಾಗದಲ್ಲಿ ತಲೆಬುರುಡೆ ಬರೆದಿತ್ತು.

ಲಂಡನ್ನಿನವರು ಇದಕ್ಕೆ ಒಂದು ಉತ್ತರ ಕೊಟ್ಟರು. ನಿಮಗೆ ಓಟು ಇಲ್ಲದಿದ್ದರೇನು, ಪಾರ್ಲಿಮೆಂಟಿನ ಪ್ರತಿ ಸದಸ್ಯನೂ ಇಡೀ ಸಾಮ್ರಾಜ್ಯದ ಪರವಾಗಿ ಕೂತಿದ್ದಾನೆ, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಊರುಗಳಿಗೂ ಸದಸ್ಯರಿಲ್ಲ, ಅವರು ತೆರಿಗೆ ಕೊಡುತ್ತಿಲ್ಲವೇ ಎಂದರು. ಮಾತು ನಿಜವೇ ಆಗಿತ್ತು. ಅಷ್ಟು ದೊಡ್ಡ ಊರುಗಳಿಗೆ ಒಬ್ಬ ಸದಸ್ಯನೂ ಇಲ್ಲ, ಜನವೇ ಇಲ್ಲದಂತಾಗಿದ್ದ ಓಲ್ಡ್ ಸೇರಂ ಎಂಬ ದಿಬ್ಬಕ್ಕೆ ಇಬ್ಬರು ಸದಸ್ಯರು. ಬಾಸ್ಟನ್ನಿನ ವಕೀಲ ಜೇಮ್ಸ್ ಓಟಿಸ್ ಇದಕ್ಕೆ ತಿರುಗಿಸಿ ಹೇಳಿದರು: ಆ ಊರುಗಳಿಗೆ ಸದಸ್ಯರಿಲ್ಲದಿದ್ದರೆ ಇರಬೇಕಾಗಿತ್ತು.

'ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ' ಎಂಬ ಘೋಷಣೆಯನ್ನು ಎಲ್ಲರೂ ಕೇಳಿದ್ದೇವೆ. ಅದನ್ನು ಕೇಳಿದಾಗ ಅಮೆರಿಕದವರು ಲಂಡನ್ ಪಾರ್ಲಿಮೆಂಟಿನಲ್ಲಿ ಸೀಟು ಕೇಳುತ್ತಿದ್ದರು ಅನಿಸುತ್ತದೆ. ಇಲ್ಲ. 1765ರ ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಒಂದು ಹೇಳಿಕೆ ಬರೆದರು. ನಾವಿರುವ ಜಾಗದ ಕಾರಣ ಆ ಸಭೆಯಲ್ಲಿ ನಮಗೆ ಪ್ರಾತಿನಿಧ್ಯ ಸಾಧ್ಯವೇ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಸಮುದ್ರ ದಾಟಲು ವಾರಗಟ್ಟಲೆ ಬೇಕಾಗಿದ್ದ ಕಾಲ. ನಾಲ್ಕು ಸೀಟು ಸಿಕ್ಕಿದ್ದರೂ ಪ್ರತಿ ಸಲ ಸೋಲುತ್ತಿದ್ದರು, ಅದು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಇಷ್ಟೇ: ನಮ್ಮ ತೆರಿಗೆಯನ್ನು ನಮ್ಮ ಸಭೆಯೇ ಹಾಕಲಿ.

ಆದರೆ ಹೇಳಿಕೆ ಬರೆಯುವ ಹೊತ್ತಿಗೆ ಬೀದಿಯಲ್ಲಿ ಅರ್ಧ ಕೆಲಸ ಮುಗಿದಿತ್ತು. ಆಗಸ್ಟ್ 14ರ ಬೆಳಿಗ್ಗೆ ಬಾಸ್ಟನ್ನಿನಲ್ಲಿ ಒಂದು ದೊಡ್ಡ ಎಲ್ಮ್ ಮರಕ್ಕೆ ಬೊಂಬೆ ನೇತುಹಾಕಲಾಗಿತ್ತು. ಅದು ಛಾಪಾ ಕಾಗದ ಹಂಚಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರ್ ಅವರ ಪ್ರತಿಕೃತಿ. ಪಕ್ಕದಲ್ಲಿ ಒಂದು ಬೂಟು (ಮಾಜಿ ಪ್ರಧಾನಿ ಲಾರ್ಡ್ ಬ್ಯೂಟ್ ಹೆಸರಿನ ಅಣಕ), ಒಳಗಿಂದ ದೆವ್ವ ಇಣುಕುತ್ತಿತ್ತು. ಸಂಜೆ ಎಬೆನೀಜರ್ ಮ್ಯಾಕಿಂತೋಷ್ ಎಂಬ ಚಪ್ಪಲಿ ಹೊಲಿಯುವವನ ಮುಂದಾಳತ್ವದಲ್ಲಿ ಜನ ಆ ಬೊಂಬೆ ಹೊತ್ತು ಮೆರವಣಿಗೆ ಹೋದರು, ಬಂದರಿನ ಹತ್ತಿರ ಆಲಿವರ್ ಕಟ್ಟಿಸುತ್ತಿದ್ದ ಕಟ್ಟಡ ಕೆಡವಿದರು, ಮನೆಗೂ ನುಗ್ಗಿದರು. ಮರುದಿನವೇ ಆಲಿವರ್ ಆ ಕೆಲಸ ಬಿಡುವುದಾಗಿ ಹೇಳಿದರು. ಹನ್ನೆರಡು ದಿನದ ನಂತರ ಗುಂಪು ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್ಸನ್ ಮನೆಗೆ ನುಗ್ಗಿ ಗೋಡೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ನಾಶ ಮಾಡಿತು. ಅವರು ವರ್ಷಗಟ್ಟಲೆ ಕೂಡಿಟ್ಟಿದ್ದ ಕೈಬರಹದ ಹಾಳೆಗಳು ಬೀದಿಯ ಕೆಸರಿಗೆ ಬಿದ್ದವು. ನನಗೆ ಇದನ್ನು ಓದಿದಾಗಲೆಲ್ಲ ಬೇಜಾರಾಗುತ್ತದೆ, ಯಾಕೆಂದರೆ ಒಳಗೊಳಗೇ ಹಚಿನ್ಸನ್ ಅವರಿಗೂ ಈ ಛಾಪಾ ಕಾಯ್ದೆ ಇಷ್ಟವಿರಲಿಲ್ಲ. ಕಾನೂನಾದ ಮೇಲೆ ಪಾಲಿಸಬೇಕು ಎಂಬುದಷ್ಟೇ ಅವರ ಮಾತಾಗಿತ್ತು.

ಆಲಿವರ್ ಗತಿ ನೋಡಿ ಉಳಿದ ಕಡೆಯ ಹಂಚಿಕೆದಾರರೂ ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ನವೆಂಬರ್ 1ಕ್ಕೆ ಕಾಯ್ದೆ ಜಾರಿಗೆ ಬಂದಾಗ ಕಾಗದ ಮಾರುವವರೇ ಇರಲಿಲ್ಲ, ಜಾರ್ಜಿಯಾದಲ್ಲಿ ಸ್ವಲ್ಪ ಮಾರಿದ್ದು ಬಿಟ್ಟರೆ. ಇತ್ತ ವ್ಯಾಪಾರಿಗಳು ಬ್ರಿಟಿಷ್ ಮಾಲು ತರಿಸುವುದನ್ನು ನಿಲ್ಲಿಸಿದರು. ಇದು ಲಂಡನ್ನಿನ ಸಾಹುಕಾರರಿಗೆ ನೇರವಾಗಿ ತಟ್ಟಿತು, ಅವರೇ ಪಾರ್ಲಿಮೆಂಟಿಗೆ ಅರ್ಜಿ ಬರೆದರು. 1766ರ ಫೆಬ್ರವರಿಯಲ್ಲಿ, ಅಮೆರಿಕದವರ ಪರವಾಗಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅವರನ್ನು ಪಾರ್ಲಿಮೆಂಟಿಗೆ ಕರೆಸಿ ಪ್ರಶ್ನೆ ಕೇಳಿದರು. ಅಮೆರಿಕದವರಿಗೆ ಮೊದಲು ಯಾವುದು ಹೆಮ್ಮೆಯಾಗಿತ್ತು ಎಂದರೆ ಬ್ರಿಟನ್ನಿನ ಫ್ಯಾಷನ್ ಮತ್ತು ಬಟ್ಟೆ ಎಂದರು ಫ್ರಾಂಕ್ಲಿನ್. ಈಗ? ಹೊಸದನ್ನು ತಾವೇ ನೇಯುವ ತನಕ ಹಳೇ ಬಟ್ಟೆಯನ್ನೇ ಹಾಕಿಕೊಳ್ಳುವುದು ಎಂದರು. ಮಾರ್ಚ್ 18ಕ್ಕೆ ಕಾಯ್ದೆ ರದ್ದಾಯಿತು.

ಅದೇ ದಿನ ಇನ್ನೊಂದು ಕಾನೂನಿಗೂ ಸಹಿ ಬಿತ್ತು. ವಸಾಹತುಗಳ ಮೇಲೆ ಯಾವುದೇ ವಿಷಯದಲ್ಲಾದರೂ ಕಾನೂನು ಮಾಡುವ ಪೂರ್ತಿ ಅಧಿಕಾರ ಪಾರ್ಲಿಮೆಂಟಿಗೆ ಇದೆ ಎಂದು ಅದರಲ್ಲಿತ್ತು. ದುಡ್ಡು ಬಿಟ್ಟುಕೊಟ್ಟರು, ಹಕ್ಕು ಬಿಟ್ಟುಕೊಡಲಿಲ್ಲ. ಸಂಭ್ರಮದಲ್ಲಿ ಪಟಾಕಿ ಸುಡುತ್ತಿದ್ದ ಜನ ಇದನ್ನು ಅಷ್ಟಾಗಿ ಗಮನಿಸಲಿಲ್ಲ.

1767ರಲ್ಲಿ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಹೊಸ ದಾರಿ ಹುಡುಕಿದರು. ಒಳಗಿನ ತೆರಿಗೆ ಬೇಡ ಅಂತೀರಲ್ಲ, ಬಂದರಿನಲ್ಲಿ ಸುಂಕ ಹಾಕೋಣ. ಗಾಜು, ಸೀಸ, ಬಣ್ಣ, ಕಾಗದ, ಚಹಾ. ಚಹಾಕ್ಕೆ ಪೌಂಡ್ ತೂಕಕ್ಕೆ ಮೂರು ಪೆನ್ನಿ, ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋಗೆ. ನಿಜವಾದ ಪೆಟ್ಟು ಈ ಸುಂಕದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿತ್ತು. ಅದು ಗವರ್ನರ್ ಮತ್ತು ಜಡ್ಜುಗಳ ಸಂಬಳಕ್ಕೆ ಹೋಗುತ್ತಿತ್ತು. ಅಲ್ಲಿಯವರೆಗೆ ಹೆಚ್ಚಿನ ಕಡೆ ಗವರ್ನರ್‌ನನ್ನು ಕಳಿಸುತ್ತಿದ್ದುದು ರಾಜ, ಸಂಬಳ ಕೊಡುತ್ತಿದ್ದುದು ಅಲ್ಲಿನ ಶಾಸನಸಭೆ. ಹಾಗಾಗಿ ಗವರ್ನರ್ ಊರವರ ಮಾತು ಸ್ವಲ್ಪವಾದರೂ ಕೇಳಲೇಬೇಕಿತ್ತು. ಇನ್ನು ಮುಂದೆ ಊರವರ ತೆರಿಗೆಯಿಂದಲೇ ಸಂಬಳ ಬರುತ್ತದೆ, ಆದರೆ ಅದನ್ನು ಕೊಡುವವರು ಲಂಡನ್ನಿನವರು. ಶಾಸನಸಭೆಯ ಕೈಯಲ್ಲಿದ್ದ ಒಂದೇ ಒಂದು ಲಗಾಮು ಕೈತಪ್ಪಿತು. ಮೂರು ಪೆನ್ನಿಗೆ ಇಷ್ಟೊಂದು ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ಮತ್ತೆ ಬಹಿಷ್ಕಾರ. ಈ ಸಲ ಹೆಂಗಸರು ಮುಂದೆ ಬಂದರು. ಪಾದ್ರಿಯ ಮನೆಯಲ್ಲಿ ರಾಟೆ ತಂದು ಸಾಲಾಗಿ ಕೂತು ದಿನವಿಡೀ ನೂಲುತ್ತಿದ್ದರು. ಅಂಗಡಿಯ ಚಹಾ ಬಿಟ್ಟು ಕಾಡಿನ ಸೊಪ್ಪು ಕುದಿಸಿ ಕುಡಿದರು. ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂಬುದು ಅಡುಗೆಮನೆಯಲ್ಲಿ ತೀರ್ಮಾನವಾಗುವ ವಿಷಯ, ಆದ್ದರಿಂದ ಹೆಂಗಸರಿಲ್ಲದೆ ಬಹಿಷ್ಕಾರ ಒಂದು ವಾರವೂ ನಡೆಯುತ್ತಿರಲಿಲ್ಲ.

1768ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿಗೆ ಸೈನ್ಯ ಬಂತು. ಪುಟ್ಟ ಊರು, ಬೀದಿ ಬೀದಿಯಲ್ಲಿ ಕೆಂಪು ಕೋಟು. ಜಗಳ ಆಗದೆ ಇರುತ್ತದೆಯೇ? 1770ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಸೈಡರ್ ಎಂಬ ಹನ್ನೊಂದರ ಆಸುಪಾಸಿನ ಹುಡುಗ ಸುಂಕದ ಕಚೇರಿಯ ನೌಕರನೊಬ್ಬನ ಗುಂಡಿಗೆ ಸತ್ತ. ಮಾರ್ಚ್ 5ರ ರಾತ್ರಿ ಹಿಮದ ಉಂಡೆ, ಕೋಲು, ಬೈಗುಳದಿಂದ ಶುರುವಾದದ್ದು ಸೈನಿಕರ ಗುಂಡಿನಲ್ಲಿ ಮುಗಿಯಿತು. ಐದು ಜನ ಸತ್ತರು. ಅವರಲ್ಲಿ ಮೊದಲು ಬಿದ್ದವರು ಕ್ರಿಸ್ಪಸ್ ಅಟಕ್ಸ್ ಎಂದು ಹೇಳುತ್ತಾರೆ, ಆಫ್ರಿಕನ್ ಮತ್ತು ಮೂಲನಿವಾಸಿ ವಂಶದ ನಾವಿಕ. ಸೈನಿಕರ ಪರ ಕೋರ್ಟಿನಲ್ಲಿ ವಾದ ಮಾಡಿದ್ದು ಪ್ರತಿಭಟನೆಯ ಕಡೆಯವರೇ ಆದ ಜಾನ್ ಆಡಮ್ಸ್, ಮುಂದೆ ದೇಶದ ಎರಡನೇ ಅಧ್ಯಕ್ಷರಾದವರು. ಇಬ್ಬರು ಸೈನಿಕರನ್ನು ಬಿಟ್ಟು ಉಳಿದವರ ಖುಲಾಸೆಯಾಯಿತು. ಅಷ್ಟು ಸಿಟ್ಟಿನ ನಡುವೆ ಸುತ್ತಮುತ್ತಲ ಊರುಗಳಿಂದ ಬಂದ ಜ್ಯೂರಿ ಹಾಗೆ ತೀರ್ಪು ಕೊಟ್ಟಿದ್ದನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ.

ಅದೇ ಮಾರ್ಚ್ 5ರಂದು ಲಂಡನ್ನಿನಲ್ಲಿ ಹೊಸ ಪ್ರಧಾನಿ ಲಾರ್ಡ್ ನಾರ್ತ್ ಟೌನ್‌ಶೆಂಡ್ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಇಟ್ಟರು. ಒಂದನ್ನು ಬಿಟ್ಟು. ಹಕ್ಕಿನ ಗುರುತಿಗೆ ಇರಲಿ ಎಂದು ಚಹಾದ ಮೂರು ಪೆನ್ನಿ ಉಳಿಸಿಕೊಂಡರು. ಬಹಿಷ್ಕಾರ ಸಡಿಲವಾಯಿತು. ಮುಂದಿನ ಎರಡು ಮೂರು ವರ್ಷ ಬಾಸ್ಟನ್ನಿನಲ್ಲಿ ಬಹಳ ಜನ ಸುಮ್ನೆ ಸುಂಕ ಕೊಟ್ಟ ಚಹಾವನ್ನೇ ಕುಡಿದರು. ಇನ್ನೂ ಬಹಳ ಜನ ಡಚ್ಚರ ಕಳ್ಳಮಾಲು ಕುಡಿದರು.

ಹಾಗಾದರೆ ಬೆಂಕಿ ಮತ್ತೆ ಹೊತ್ತಿದ್ದು ಎಲ್ಲಿಂದ? ನಮ್ಮ ಕಡೆಯಿಂದ.

ಈಸ್ಟ್ ಇಂಡಿಯಾ ಕಂಪನಿ 1765ರಲ್ಲಿ ಬಂಗಾಳದ ದಿವಾನಿ ಹಕ್ಕು, ಅಂದರೆ ಕಂದಾಯ ವಸೂಲಿಯ ಹಕ್ಕು, ಪಡೆದಿತ್ತು. ಇನ್ನು ದುಡ್ಡಿನ ಹೊಳೆ ಹರಿಯುತ್ತದೆ ಎಂದು ಲಂಡನ್ನಿನಲ್ಲಿ ಕಂಪನಿ ಷೇರು ಏರಿತು. 1769ರಲ್ಲಿ ಹೈದರ್ ಅಲಿ ಕುದುರೆ ದಂಡಿನೊಂದಿಗೆ ಮದ್ರಾಸಿನ ಬಾಗಿಲಿಗೇ ಬಂದು ನಿಂತರು, ಕಂಪನಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕರ್ನಾಟಿಕ್ ಸೀಮೆಯಲ್ಲಿ ಹೈದರ್ ದಾಳಿಯ ಸುದ್ದಿ ಆ ವರ್ಷದ ಮೇ ತಿಂಗಳಲ್ಲಿ ಲಂಡನ್ ತಲುಪಿದಾಗ ಷೇರು ಕುಸಿಯಿತು. ಆಮೇಲೆ ಬಂಗಾಳದ ಭೀಕರ ಬರಗಾಲ. 1772ರಲ್ಲಿ ಲಂಡನ್ನಿನ ಒಂದು ಬ್ಯಾಂಕ್ ಮುಳುಗಿ ಎಲ್ಲೆಡೆ ಸಾಲ ಸಿಗುವುದೇ ನಿಂತಿತು. ಕಂಪನಿ ಕೈಯಲ್ಲಿ ಕಾಸಿಲ್ಲ, ಗೋದಾಮಿನಲ್ಲಿ ಮಾರಾಟವಾಗದ ಚಹಾ ಮಾತ್ರ 1 ಕೋಟಿ 70 ಲಕ್ಷ ಪೌಂಡ್ ತೂಕದಷ್ಟು ರಾಶಿ ಬಿದ್ದಿತ್ತು. ಈ ಚಹಾ ನಮ್ಮ ಅಸ್ಸಾಮಿನದ್ದಲ್ಲ, ಎಲ್ಲವೂ ಚೀನಾದ್ದು. ನಮ್ಮಲ್ಲಿ ಚಹಾ ತೋಟಗಳು ಬಂದದ್ದು ಮುಂದಿನ ಶತಮಾನದಲ್ಲಿ.

ಕಂಪನಿಯನ್ನು ಉಳಿಸಲು ಲಾರ್ಡ್ ನಾರ್ತ್ 14 ಲಕ್ಷ ಪೌಂಡ್ ಸಾಲ ಕೊಟ್ಟರು, ಬದಲಿಗೆ ಒಂದು ಕಾನೂನು ತಂದರು. ಅದೇ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ 1773ರ ರೆಗ್ಯುಲೇಟಿಂಗ್ ಆಕ್ಟ್, ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆದದ್ದು ಇದರಿಂದ. ಅದೇ ವರ್ಷ, ಅದೇ ಪ್ರಧಾನಿ, ಅದೇ ಕಂಪನಿಗಾಗಿ ತಂದ ಇನ್ನೊಂದು ಕಾನೂನು ಚಹಾ ಕಾಯ್ದೆ. ಇವೆರಡೂ ಒಂದೇ ಬಸಿರಲ್ಲಿ ಹುಟ್ಟಿದ್ದು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ಒಂದು ಭಾರತದ ಪಾಠದಲ್ಲಿ ಬಂತು, ಇನ್ನೊಂದು ಅಮೆರಿಕದ ಪಾಠದಲ್ಲಿ ಬಂತು, ನಡುವೆ ನೂರು ಪುಟ.

ಅಮೆರಿಕದವರಿಗೆ ಮಾತ್ರ ಈ ನಂಟು ಚೆನ್ನಾಗಿ ಗೊತ್ತಿತ್ತು. ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ 1773ರ ನವೆಂಬರ್‌ನಲ್ಲಿ ಬೇರೆ ಹೆಸರಿಟ್ಟುಕೊಂಡು ಬರೆದ ಪತ್ರದಲ್ಲಿ, ಈ ಕಂಪನಿ ಏಷ್ಯಾದಲ್ಲಿ ಏನು ಮಾಡಿದೆ ನೋಡಿ ಎಂದು ಎಚ್ಚರಿಸಿದರು. ಒಂದೇ ವರ್ಷದಲ್ಲಿ ಹದಿನೈದು ಲಕ್ಷ ಜನ ಹಸಿವಿನಿಂದ ಸತ್ತರಂತೆ, ಭೂಮಿ ಬೆಳೆ ಕೊಡದೆ ಅಲ್ಲ, ಕಂಪನಿಯವರು ಧಾನ್ಯ ಹಿಡಿದಿಟ್ಟು ಬಡವರ ಕೈಗೆ ಸಿಗದಷ್ಟು ಬೆಲೆ ಏರಿಸಿದ್ದರಿಂದ, ಎಂಬುದು ಅವರ ಮಾತಿನ ಸಾರ. ಬಂಗಾಳದ ಸಾವು ಪೆನ್ಸಿಲ್ವೇನಿಯಾದಲ್ಲಿ ಚರ್ಚೆಯಾಗುತ್ತಿತ್ತು. ಹೈದರ್ ಹೆಸರೂ ಅಲ್ಲಿ ಹಬ್ಬಿತ್ತು. ಸ್ವಾತಂತ್ರ್ಯ ಯುದ್ಧದ ಕೊನೆಯಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟರು, 1782ರ ಏಪ್ರಿಲ್ 8ರಂದು ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಜಾಸ್ತಿ ಫಿರಂಗಿ ಇದ್ದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಮೈಸೂರಿನ ಒಂದು ಹೆಸರು ಅಷ್ಟು ದೂರದ ನೀರಿನಲ್ಲಿ ತೇಲಿದ್ದು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಚಹಾ ಕಾಯ್ದೆ ಮಾಡಿದ್ದು ಇಷ್ಟು. ಮೊದಲು ಕಂಪನಿ ಲಂಡನ್ನಿನಲ್ಲಿ ಹರಾಜು ಹಾಕಬೇಕಿತ್ತು, ಅಲ್ಲಿಂದ ದಲ್ಲಾಳಿ, ವ್ಯಾಪಾರಿ, ಅಂಗಡಿ ಎಂದು ಕೈ ದಾಟಿ ದಾಟಿ ಬೆಲೆ ಏರುತ್ತಿತ್ತು. ಈಗ ಕಂಪನಿಯೇ ನೇರವಾಗಿ ಅಮೆರಿಕಕ್ಕೆ ಕಳಿಸಬಹುದು, ಇಂಗ್ಲೆಂಡಿನ ಸುಂಕ ವಾಪಸ್ ಸಿಗುತ್ತದೆ, ಆಯ್ದ ಕೆಲವೇ ಏಜೆಂಟರು ಮಾರುತ್ತಾರೆ. ಚಹಾ ಅಗ್ಗ. ಆದರೆ ಅಮೆರಿಕದ ಮೂರು ಪೆನ್ನಿ ಹಾಗೇ ಇರುತ್ತದೆ. ಅದನ್ನೂ ತೆಗೆದುಬಿಡಿ, ಇಲ್ಲದಿದ್ದರೆ ಅವರು ಚಹಾ ಮುಟ್ಟುವುದಿಲ್ಲ ಎಂದು ಪಾರ್ಲಿಮೆಂಟಿನಲ್ಲೇ ಕೆಲವರು ಹೇಳಿದರು. ಲಾರ್ಡ್ ನಾರ್ತ್ ಕೇಳಲಿಲ್ಲ.

ಅಗ್ಗದ ಚಹಾ ಕೊಂಡ ಪ್ರತಿಯೊಬ್ಬನೂ ಗೊತ್ತಿಲ್ಲದೆಯೇ ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿಕೊಂಡಂತೆ. ಜನರಿಗೆ ಕಂಡದ್ದು ಈ ಬಲೆ. ಕಳ್ಳಸಾಗಣೆಯವರಿಗೆ ಹೊಟ್ಟೆಯ ಮೇಲೆ ಹೊಡೆತ ಬಿದ್ದಿತ್ತು, ಅವರ ಸ್ವಾರ್ಥವೂ ಈ ಸಿಟ್ಟಿನಲ್ಲಿ ಬೆರೆತಿತ್ತು ಎಂಬುದು ನಿಜ. ಆದರೆ ಏಜೆಂಟ್ ಆಗದ ಪ್ರಾಮಾಣಿಕ ವ್ಯಾಪಾರಿಯೂ ಹೆದರಿದ. ಇವತ್ತು ಚಹಾ, ನಾಳೆ ಬಟ್ಟೆ, ನಾಡಿದ್ದು ಎಲ್ಲವೂ ಒಂದೇ ಕಂಪನಿಗೆ ಹೋದರೆ? ಬಾಸ್ಟನ್ನಿನಲ್ಲಂತೂ ಏಜೆಂಟರ ಪಟ್ಟಿಯಲ್ಲಿ ಹಚಿನ್ಸನ್ ಅವರ ಇಬ್ಬರು ಮಕ್ಕಳಿದ್ದರು. ಆ ಹೊತ್ತಿಗೆ ಹಚಿನ್ಸನ್ ಗವರ್ನರ್ ಆಗಿದ್ದರು, ಅವರ ಸಂಬಳ ಬರುತ್ತಿದ್ದುದು ಚಹಾ ಸುಂಕದಿಂದ.

ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾಕ್ಕೆ ಹೊರಟಿದ್ದ ಚಹಾ ಹಡಗುಗಳು ಸರಕು ಇಳಿಸದೆ ವಾಪಸ್ ಹೋದವು. ಚಾರ್ಲ್ಸ್‌ಟನ್ನಿನಲ್ಲಿ ಇಳಿಸಿದ ಚಹಾವನ್ನು ನೆಲಮಾಳಿಗೆಯಲ್ಲಿ ಬೀಗ ಹಾಕಿ ಇಟ್ಟರು. ಬಾಸ್ಟನ್ನಿನಲ್ಲಿ ಮಾತ್ರ ಹಗ್ಗ ತುಂಡಾಗುವ ತನಕ ಎಳೆದಾಟ ನಡೆಯಿತು. 'ಡಾರ್ಟ್‌ಮತ್' ಹಡಗು ನವೆಂಬರ್ 28ಕ್ಕೆ ಬಂತು, ಆಮೇಲೆ 'ಎಲಿನರ್', 'ಬೀವರ್'. ನಿಯಮದ ಪ್ರಕಾರ ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಸುಂಕದವರು ಸರಕು ವಶಪಡಿಸಿಕೊಳ್ಳಬಹುದು. ಹಾಗಾದರೆ ಚಹಾ ಹೇಗಾದರೂ ದಡ ಸೇರುತ್ತದೆ. ಸುಂಕ ಕಟ್ಟದೆ ಹಡಗು ವಾಪಸ್ ಹೋಗಲು ಗವರ್ನರ್ ಪಾಸ್ ಬೇಕು.

ಡಿಸೆಂಬರ್ 16 ಕೊನೆಯ ದಿನ. ಓಲ್ಡ್ ಸೌತ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಸುಮಾರು 5,000 ಜನ ಸೇರಿದ್ದರು. ಊರಿನ ಜನಸಂಖ್ಯೆಯೇ 16,000 ಆಸುಪಾಸು. ಡಾರ್ಟ್‌ಮತ್ ಹಡಗಿನ ಕಡೆಯ ಫ್ರಾನ್ಸಿಸ್ ರೋಚ್ ಎಂಬ ಯುವಕನನ್ನು, ಬಾಸ್ಟನ್ ಹೊರಗಿನ ಮಿಲ್ಟನ್ನಿನಲ್ಲಿದ್ದ ಹಚಿನ್ಸನ್ ಹತ್ತಿರ ಕೊನೆಯ ಸಲ ಪಾಸ್ ಕೇಳಲು ಕಳಿಸಿದರು. ಚಳಿಯಲ್ಲಿ ಹೋಗಿ ಬರುವಷ್ಟರಲ್ಲಿ ಕತ್ತಲಾಗಿತ್ತು, ಒಳಗೆ ಮೇಣದಬತ್ತಿ ಹಚ್ಚಿದ್ದರು. ಪಾಸ್ ಕೊಡಲಿಲ್ಲ ಎಂದು ರೋಚ್ ಹೇಳಿದ. ದೇಶವನ್ನು ಉಳಿಸಲು ಈ ಸಭೆ ಇನ್ನೇನೂ ಮಾಡಲಾಗದು ಎಂದು ಪ್ರತಿಭಟನೆಯ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಹೊರಗಿನಿಂದ ಕೂಗು ಕೇಳಿತು, ಮುಖಕ್ಕೆ ಮಸಿ ಬಳಿದು ಮೋಹಾಕ್ ಮೂಲನಿವಾಸಿಗಳಂತೆ ಕಂಬಳಿ ಹೊದ್ದವರು ಗ್ರಿಫಿನ್ ಧಕ್ಕೆಯ ಕಡೆ ಹೊರಟರು.

ನೂರಕ್ಕೂ ಜಾಸ್ತಿ ಜನ, ಮೂರು ಗುಂಪು, ಮೂರು ಹಡಗು. ಅವರಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರೂ ಇದ್ದರು, ಜಾರ್ಜ್ ಹ್ಯೂಸ್ ಎಂಬ ಚಪ್ಪಲಿ ಹೊಲಿಯುವವನೂ ಇದ್ದ. ದೊಡ್ಡ ಪೆಟ್ಟಿಗೆ ಒಂದೊಂದೂ ನೂರೈವತ್ತು ಕಿಲೋಗೂ ಜಾಸ್ತಿ ತೂಕ. ಹಗ್ಗ ಕಟ್ಟಿ ಹಡಗಿನ ಡೆಕ್ಕಿಗೆ ಎಳೆದು, ಕೊಡಲಿಯಿಂದ ಒಡೆದು, ಚಹಾವನ್ನೂ ಪೆಟ್ಟಿಗೆಯನ್ನೂ ಕೆಳಗೆ ದೂಡಿದರು. ಆಗ ಇಳಿತದ ಹೊತ್ತು, ನೀರು ಮೊಣಕಾಲಿನಷ್ಟೇ ಇತ್ತು. ಚಹಾ ಹುಲ್ಲಿನ ಮೆದೆಯಂತೆ ಹಡಗಿನ ಪಕ್ಕ ಏರತೊಡಗಿತು, ಹುಡುಗರು ಇಳಿದು ಅದನ್ನು ಕೆಸರಿಗೆ ತುಳಿದರು. ಮೂರು ಗಂಟೆಯಲ್ಲಿ 342 ಪೆಟ್ಟಿಗೆ, 92,000 ಪೌಂಡ್ ತೂಕಕ್ಕೂ ಮೇಲೆ, ಕಂಪನಿ ಲೆಕ್ಕದಲ್ಲಿ 9,659 ಪೌಂಡ್ ನಷ್ಟ. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಚಹಾವನ್ನು ಕೋಟಿನೊಳಗೆ ತುಂಬಿಕೊಂಡು ಜಾರಲು ನೋಡಿದ ಒಬ್ಬನನ್ನು ಹಿಡಿದು ಕೋಟು ಕಿತ್ತರು. ಒಂದು ಬೀಗ ಒಡೆದಿತ್ತು, ಅದು ಕಂಪನಿಯದ್ದಲ್ಲ, ಹಡಗಿನ ಕಪ್ತಾನನ ಸ್ವಂತದ್ದು. ಮರುದಿನ ಅವನಿಗೆ ಹೊಸ ಬೀಗ ತಂದುಕೊಟ್ಟರು. ಈ ಬೀಗವನ್ನು ನಾನು ಮರೆಯಲಾರೆ. ತಮ್ಮ ಜಗಳ ಯಾರ ಜೊತೆ, ಯಾವುದರ ಬಗ್ಗೆ ಎಂಬುದು ಆ ಜನರಿಗೆ ಎಷ್ಟು ಸ್ಪಷ್ಟವಾಗಿತ್ತು ಎಂದು ಅದೊಂದೇ ಹೇಳುತ್ತದೆ. ಬೆಳಿಗ್ಗೆ ಇನ್ನೂ ತೇಲುತ್ತಿದ್ದ ಚಹಾವನ್ನು ದೋಣಿಯಲ್ಲಿ ಹೋಗಿ ಹುಟ್ಟಿನಿಂದ ಬಡಿದು ಮುಳುಗಿಸಿದರು.

ಎಲ್ಲವೂ ಹೀಗೆ ಶಿಸ್ತಾಗಿ ನಡೆಯಲಿಲ್ಲ, ಅದನ್ನೂ ಹೇಳಬೇಕು. ಮುಂದಿನ ತಿಂಗಳೇ ಜಾನ್ ಮಾಲ್ಕಮ್ ಎಂಬ ಸುಂಕದ ಅಧಿಕಾರಿ ಬೀದಿಯಲ್ಲಿ ಒಬ್ಬ ಹುಡುಗನನ್ನು ಗದರಿಸುತ್ತಿದ್ದಾಗ ಇದೇ ಹ್ಯೂಸ್ ಅಡ್ಡ ಬಂದ, ಮಾಲ್ಕಮ್ ಅವನ ತಲೆಗೆ ಬೆತ್ತದಿಂದ ಹೊಡೆದ. ರಾತ್ರಿ ಗುಂಪು ಮಾಲ್ಕಮ್‌ನನ್ನು ಮನೆಯಿಂದ ಎಳೆದು, ಕೊರೆಯುವ ಚಳಿಯಲ್ಲಿ ಬಟ್ಟೆ ಬಿಚ್ಚಿ, ಬಿಸಿ ಟಾರು ಸುರಿದು, ಗರಿ ಅಂಟಿಸಿ ಊರೆಲ್ಲ ಸುತ್ತಿಸಿತು. ಇದು ಕ್ರೌರ್ಯ, ಬೇರೆ ಹೆಸರಿಲ್ಲ. ಇನ್ನೊಂದು ಮಾತು. ತಮ್ಮನ್ನು ಬ್ರಿಟನ್ ಗುಲಾಮರನ್ನಾಗಿ ಮಾಡುತ್ತಿದೆ ಎಂದು ಬರೆಯುತ್ತಿದ್ದ ಎಷ್ಟೋ ಜನರ ಮನೆಯಲ್ಲಿ ನಿಜವಾದ ಗುಲಾಮರಿದ್ದರು. 1773ರಲ್ಲೇ, ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ಗುಲಾಮರು ನಮಗೂ ಬಿಡುಗಡೆ ಕೊಡಿ ಎಂದು ಅಲ್ಲಿನ ಶಾಸನಸಭೆಗೆ ಅರ್ಜಿ ಕೊಟ್ಟರು. ಅವರಿಗೆ ಆಗ ಬಿಡುಗಡೆ ಸಿಗಲಿಲ್ಲ.

ಲಂಡನ್ ಸಿಟ್ಟು ತೀರಿಸಿಕೊಂಡಿತು. 1774ರ ಜೂನ್ 1ರಿಂದ ಬಾಸ್ಟನ್ ಬಂದರು ಬಂದ್, ಚಹಾದ ದುಡ್ಡು ಕಟ್ಟುವ ತನಕ. ಮ್ಯಾಸಚೂಸೆಟ್ಸ್‌ನ ಮೇಲ್ಮನೆಗೆ ಇನ್ನು ರಾಜನೇ ಸದಸ್ಯರನ್ನು ನೇಮಿಸುತ್ತಾನೆ, ಗವರ್ನರ್ ಒಪ್ಪಿಗೆ ಇಲ್ಲದೆ ಊರಿನ ಸಭೆ ವರ್ಷಕ್ಕೆ ಒಂದು ಸಲ ಮಾತ್ರ. ಒಂದು ಊರನ್ನು ಒಂಟಿ ಮಾಡಿ ಬಗ್ಗಿಸಬಹುದು ಎಂಬುದು ಲೆಕ್ಕ. ಆಗಿದ್ದು ತಿರುಗುಮುರುಗು. ಸೌತ್ ಕ್ಯಾರೊಲಿನಾದಿಂದ ಅಕ್ಕಿ ಬಂತು, ಮಾರ್ಬಲ್‌ಹೆಡ್ಡಿನಿಂದ ಒಣಮೀನು ಬಂತು. ಕನೆಕ್ಟಿಕಟ್ಟಿನ ರೈತ ಇಸ್ರೇಲ್ ಪಟ್ನಮ್ ನೂರಕ್ಕೂ ಜಾಸ್ತಿ ಕುರಿಗಳನ್ನು ಹೊಡೆದುಕೊಂಡು ಬಾಸ್ಟನ್ನಿಗೆ ಬಂದರು. ಚಹಾ ಸುರಿದದ್ದು ತಪ್ಪು ಎಂದುಕೊಂಡಿದ್ದ ಎಷ್ಟೋ ಜನ ಈಗ ಬಾಸ್ಟನ್ ಜೊತೆ ನಿಂತರು. ಸೆಪ್ಟೆಂಬರ್‌ನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿ ಬ್ರಿಟಿಷ್ ಮಾಲು ಬೇಡ ಎಂದು ನಿರ್ಧರಿಸಿದರು. ಅದನ್ನು ನೋಡಿಕೊಳ್ಳಲು ಊರೂರಿಗೆ ಸಮಿತಿಗಳಾದವು. ನನ್ನ ಪ್ರಕಾರ ಬ್ರಿಟಿಷ್ ಆಡಳಿತ ಮುಗಿದದ್ದು ಈ ಸಮಿತಿಗಳಲ್ಲಿ, ಗುಂಡು ಹಾರುವುದಕ್ಕೂ ಮೊದಲೇ. ಜನ ಕೇಳುತ್ತಿದ್ದುದು ಈಗ ಈ ಸಮಿತಿಗಳ ಮಾತನ್ನು. 1775ರ ಏಪ್ರಿಲ್ 19ರಂದು ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್ನಿನಲ್ಲಿ ಗುಂಡೂ ಹಾರಿತು, ಮುಂದಿನ ವರ್ಷ ಜುಲೈನಲ್ಲಿ ಸ್ವಾತಂತ್ರ್ಯ ಘೋಷಣೆ.

1778ರಲ್ಲಿ, ಯುದ್ಧ ಕೈ ಕಚ್ಚುತ್ತಿದ್ದಾಗ, ಲಾರ್ಡ್ ನಾರ್ತ್ ಪಾರ್ಲಿಮೆಂಟಿನಲ್ಲಿ ಒಂದು ಕಾನೂನು ಪಾಸು ಮಾಡಿಸಿದರು. ಆದಾಯಕ್ಕಾಗಿ ವಸಾಹತುಗಳ ಮೇಲೆ ಇನ್ನು ತೆರಿಗೆ ಹಾಕುವುದಿಲ್ಲ, ಚಹಾದ ಮೂರು ಪೆನ್ನಿ ರದ್ದು. 1765ರಲ್ಲಿ ಅಮೆರಿಕದವರು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಈ ಸುದ್ದಿ ಹೊತ್ತು ಮಾತುಕತೆಗೆ ಬಂದ ಆಯೋಗದವರು ಜೂನ್‌ನಲ್ಲಿ ಫಿಲಡೆಲ್ಫಿಯಾ ತಲುಪಿದಾಗ, ಅಲ್ಲಿದ್ದ ಅವರದೇ ಸೈನ್ಯ ಊರು ಬಿಟ್ಟು ಹೊರಡಲು ಗಂಟುಮೂಟೆ ಕಟ್ಟುತ್ತಿತ್ತು.